ಎಡಸಾಲಿನ ದೀಪಗಳು

ಅಪ್ಪಾ,

ಇವತ್ತು ಮೊದಲ ಸಲ ಕತ್ತಲಲ್ಲಿ ವಿಮಾನ ಹಾರಿಸಿದೆ. ಪಲವಾನ್ ದ್ವೀಪದ ನಮ್ಮ ಪುಟ್ಟ ರನ್‌ವೇ ಮುಗಿಯುವುದೇ ಸಮುದ್ರದ ಅಂಚಿನಲ್ಲಿ, ನಿನಗೆ ಗೊತ್ತಲ್ಲ. ನೆಲ ಬಿಟ್ಟ ಕೂಡಲೇ ಎದುರಿಗೆ ಬೆಳಕಿನ ಚುಕ್ಕೆಗಳು ಕಂಡವು. ಅವನ್ನು ನಕ್ಷತ್ರಗಳೆಂದೇ ತಿಳಿದೆ; ಇಷ್ಟು ಕೆಳಗೆ ಕಾಣುತ್ತಿವೆಯೆಂದರೆ ವಿಮಾನದ ಮೂತಿಯನ್ನು ತೀರಾ ಎತ್ತಿಬಿಟ್ಟಿದ್ದೇನೆ ಎಂದುಕೊಂಡು ಕೆಳಗೆ ಒತ್ತಿದೆ. ಪಕ್ಕದಲ್ಲಿದ್ದ ಕ್ಯಾಪ್ಟನ್ ಬಲುಯುತ್ ಹಿಡಿಕೆ ಕಸಿದುಕೊಂಡು ಮೇಲೆತ್ತಿದರು.

"ಏನಮ್ಮಾ, ಅವು ಮೀನು ದೋಣಿ ದೀಪ! ಮೀನುಗಾರನ ಮಗಳಿಗೆ ಅಷ್ಟೂ ಗುರುತು ಸಿಗಲ್ವಾ?"

ನಿನಗೇನಾಯಿತೆಂದು ಅವರಿಗೆ ನಾನು ಹೇಳಿಲ್ಲ.

ಇಳಿಯಲು ತಿರುಗಿದಾಗ ರನ್‌ವೇಯ ಎಡಸಾಲು ಕತ್ತಲಾಗಿತ್ತು. ಇಲ್ಲಿ ಇನ್ನೂ ಡಬ್ಬಿಗಳಲ್ಲಿ ಉರಿಯುವ ಸೀಮೆಎಣ್ಣೆ ದೀಪಗಳೇ, ಗಾಳಿಗೆ ಆರಿಹೋಗಿದ್ದವು. ಒಂದೇ ಸಾಲು ನೋಡಿಕೊಂಡು ಇಳಿದರೆ ನೆಲ ಎಷ್ಟು ಕೆಳಗಿದೆಯೆಂದು ತಿಳಿಯುವುದಿಲ್ಲ. ಸುತ್ತು ಹಾಕುತ್ತ ಕಾದೆವು. ಕಾವಲುಗಾರ ಮಾಂಗ್ ಸೆಲ್ಸೋನ ಟಾರ್ಚು ಒಂದೊಂದು ಡಬ್ಬಿಯ ಬಳಿ ನಿಂತು, ದೀಪ ಹೊತ್ತಿದ ಮೇಲೆ ಮುಂದಕ್ಕೆ ಓಡುತ್ತಿತ್ತು. ಎಪ್ಪತ್ತು ದಾಟಿದ ಮುದುಕ, ಅಪ್ಪಾ.

ಇಳಿದವಳೇ ಅವನ ಕೈ ಹಿಡಿದು ಹಣೆಗೊತ್ತಿಕೊಂಡೆ. ಅವನಿಗೆ ಏದುಸಿರು.

"ಬಿಡು ಮಗಳೇ. ನೀನು ಮೇಲಿದ್ದೀಯ ಅಂತ ಗೊತ್ತಿದ್ದೂ ನಂಗೆ ನಿದ್ದೆ ಬರುತ್ತಾ?"

ನೀನು ಕಡಲಲ್ಲಿದ್ದ ಆ ರಾತ್ರಿ ನನಗೆ ಬಂದಿತ್ತು.

ನೀನು ಮರಳದ ಆ ಬೆಳಗ್ಗೆ, ದಿನಾ ನಾನು ಹಚ್ಚಬೇಕಿದ್ದ ಲಾಂದ್ರವನ್ನು ಅಮ್ಮ ದಡದ ಕಂಬದಿಂದ ಇಳಿಸಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಅಷ್ಟೇ. ಎಣ್ಣೆ ತುಂಬಿಯೇ ಇತ್ತು.