ಎಲ್ಲರೂ ಒಟ್ಟಿಗಿದ್ದ ಜಾಗ

ಲೇಕ್ ಮಾರ್ಕೆಟ್, ಕೋಲ್ಕತ್ತಾ
ಭಾನುವಾರ, 21 ಜನವರಿ 2007

ಪ್ರೀತಿಯ ತಮ್ಮ ಅರವಿಂದನಿಗೆ,

ಅಕ್ಕ ಅಹಲ್ಯಾಳ ಆಶೀರ್ವಾದ. ನಾನೂ ನಿನ್ನ ಭಾವನೂ ಮೈಯಿಂದ ಚೆನ್ನಾಗಿದ್ದೇವೆ. ಮನಸ್ಸಿನ ಸಂಗತಿ ಮುಂದೆ ಓದು. ನಿನ್ನ ಕಂಪನಿಯ ವೆಬ್‌ಸೈಟಿಗೆಂದು ಕಳಿಸಿದ ‘ನಮ್ಮ ಮೈಲಿಗಲ್ಲುಗಳು’ ಪುಟವನ್ನು ತಿದ್ದಿ ಶುಕ್ರವಾರವೇ ಕಳಿಸಬೇಕಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರೆ ನಡುವೆ ಇನ್ನೊಂದು ಫೋನ್ ಬರುತ್ತದೆ. ‘ಅಕ್ಕಾ, ಒಂದ್ನಿಮಿಷ’ ಎಂದು ಹೋದವನು ತಿರುಗಿ ಬರುವುದಿಲ್ಲ. ಅದಕ್ಕೇ ಕಾಗದ ಬರೆದು ಕೊರಿಯರ್‌ಗೆ ಕೊಡುತ್ತಿದ್ದೇನೆ.

ಮೊದಲು ನಿನ್ನ ಕೆಲಸ ಮುಗಿಸುತ್ತೇನೆ. 1964ರಲ್ಲಿ ಅಪ್ಪ ಹುಬ್ಬಳ್ಳಿಯಿಂದ ಪಂಢರಪುರಕ್ಕೆ ಹೊರಡಿಸಿದ್ದು ‘ಸ್ವಂತ ಬಸ್ಸು’ ಅಲ್ಲ, ಬಾಡಿಗೆಯದು. ದಾರಿಯಲ್ಲಿ ಯಾತ್ರಿಕರೇ ಇಳಿದು ತಳ್ಳಿದ್ದರು. ರೈಲಿನಲ್ಲಿ ಇಡೀ ಬೋಗಿ ಹಿಡಿದು, ಅಡುಗೆಯವರನ್ನೂ ಕರೆದುಕೊಂಡು ಕಾಶಿಯಾತ್ರೆ ಶುರು ಮಾಡಿದ್ದು 1969. ವಿಡಿಯೋ ಕೋಚ್ ಬಸ್ಸಿನ ವರ್ಷ ಸರಿಯಾಗಿದೆ, ಆದರೆ ಆ ವಿಡಿಯೋ ಒಂದು ದಿನವಾದರೂ ನಡೆದದ್ದನ್ನು ನಾನು ಕಂಡಿಲ್ಲ. ಕೊನೆಯ ಸಾಲು, ‘2006: ವಿಮಾನದಲ್ಲಿ ಕಾಶಿ, ಗಯಾ, ಪುರಿ, ಕೋಲ್ಕತ್ತಾ, ಎಂಟೇ ದಿನದಲ್ಲಿ’. ಅದಕ್ಕೆ ನನ್ನ ತಕರಾರಿಲ್ಲ. ಅಪ್ಪನ ಕಾಲದಲ್ಲಿ ತಿಂಗಳು ಹಿಡಿಯುತ್ತಿತ್ತು. ವಿಮಾನ ಅಗ್ಗವಾದ ಮೇಲೆ ಮೊಣಕಾಲು ನೋವಿನ ಮುದುಕರೂ ಗಂಗೆಯನ್ನು ನೋಡುವಂತಾಯಿತು. ಆ ಪುಣ್ಯ ನಿನ್ನದೇ, ಇಲ್ಲವೆನ್ನುವುದಿಲ್ಲ.

ಇನ್ನು ಗುರುವಾರದ ಮಾತು. ನಿನ್ನ ಮ್ಯಾನೇಜರ್ ವಿನಯನ ಬಾಯಿಂದ ಕೇಳಿದ್ದೀಯ, ಈಗ ನನ್ನಿಂದಲೂ ಕೇಳು.

ಎಂದಿನಂತೆ ಯಾತ್ರಿಕರೆಲ್ಲ ನಮ್ಮ ಮನೆಯ ತಾರಸಿಯ ಮೇಲೆ ಊಟ ಮಾಡಿದರು. ಹುಳಿ ಕಡಿಮೆ ಬಿತ್ತು, ಮಜ್ಜಿಗೆ ಸಾಕಾಯಿತು. ಊಟವಾದ ಮೇಲೆ ವಿನಯ ಎಲ್ಲರನ್ನೂ ನಮ್ಮ ಮನೆ ಹತ್ತಿರದ ಕೆರೆಯ ದಂಡೆಗೆ ಒಯ್ದು, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಬಸ್ಸು ಹತ್ತಿಸಿಕೊಂಡು ಗರಿಯಾಹಾಟ್‌ಗೆ ಸೀರೆ ಕೊಳ್ಳಲು ಹೋದ. ನಾನು ಪಾತ್ರೆ ಜೋಡಿಸುತ್ತಿದ್ದೆ, ಫೋನ್ ಬಂತು.

“ಮೇಡಂ, ಗಂಗೂಬಾಯಿ ಅಜ್ಜಿ ಕಾಣಿಸ್ತಿಲ್ಲ. ಸೀರೆ ಅಂಗಡೀಲೇ ಇದ್ರು, ತಿರುಗಿ ನೋಡೋಷ್ಟರಲ್ಲಿ ಇಲ್ಲ!”

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಅಪ್ಪನ ಕಾಲದಿಂದ ನಮ್ಮ ಯಾತ್ರೆ ಬಿಟ್ಟು ಬೇರೆಯವರ ಜೊತೆ ಹೆಜ್ಜೆ ಇಡದ ಹುಬ್ಬಳ್ಳಿಯ ಗಂಗೂಬಾಯಿ. ಈಗ ಎಂಬತ್ತು ದಾಟಿದೆ, ಒಂದು ಕಿವಿ ಮಂದ, ಕೈಯಲ್ಲಿ ಮೊಬೈಲೂ ಇಲ್ಲ.

ಆಟೋ ಹಿಡಿದು ಓಡಿದೆ. ಗರಿಯಾಹಾಟ್ ನಿನಗೆ ಗೊತ್ತಲ್ಲ, ಫುಟ್‌ಪಾತಿನ ಮಳಿಗೆಗಳ ನಡುವೆ ಮೈ ತೂರಿಸುವುದೇ ಕಷ್ಟ. ಅದರಲ್ಲೂ ಸರಸ್ವತಿ ಪೂಜೆಯ ಸಂತೆ. ವಿನಯ ಒಂದು ಕಡೆ, ನಾನು ಒಂದು ಕಡೆ, ಪ್ರತಿ ಅಂಗಡಿಗೂ ನುಗ್ಗಿ ಕೇಳಿದೆವು. ಬಿಳಿ ಕೂದಲು ಕಂಡಲ್ಲೆಲ್ಲ ಓಡಿದೆ. ಸಂಜೆಯೇ ಊರಿಗೆ ಮರಳುವ ವಿಮಾನವಿತ್ತು, ಬಸ್ಸಿನೊಳಗೆ ಕೂತವರು ಕಿಟಕಿಯಿಂದ ನೋಡುತ್ತಿದ್ದರು. ದೇವೇಂದ್ರ ಎಂಬೊಬ್ಬರು, “ಫ್ಲೈಟ್ ತಪ್ಪಿದರ ಯಾರು ಜವಾಬ್ದಾರರು?” ಎಂದು ಮೇಲಿಂದ ಮೇಲೆ ಕೇಳಿದರು. ಒಬ್ಬರೂ ಕೆಳಗಿಳಿಯಲಿಲ್ಲ.

ಆಗಲೇ ನಿನಗೆ ಫೋನ್ ಮಾಡಿದ್ದು. ನೀನು ಹೇಳಿದ್ದನ್ನು ಮರೆತಿರಬಹುದು, ನನಗೆ ಒಂದಕ್ಷರವೂ ಮರೆತಿಲ್ಲ. “ಅಕ್ಕಾ, ನೀ ಸೆಂಟಿಮೆಂಟ್ ಮಾಡಬ್ಯಾಡ. ಎಲ್ಲಾರ ಟಿಕೆಟ್ ಹೋಗ್ತಾವ, ರೀಫಂಡ್ ಇಲ್ಲ, ಮುಂದಿನ ಫ್ಲೈಟಿನ್ಯಾಗ ಸೀಟೂ ಇಲ್ಲ. ಬಸ್ ಬಿಡಸು. ಅಜ್ಜೀನ್ನ ನೀ ಹುಡುಕು.” ವಿನಯನನ್ನಾದರೂ ನನ್ನ ಜೊತೆ ಬಿಡು ಎಂದು ನಾನು ಕೇಳಿದರೆ, ಏರ್‌ಪೋರ್ಟಿನಲ್ಲಿ ಉಳಿದವರನ್ನು ಯಾರು ನೋಡುತ್ತಾರೆ ಎಂದು ನೀನೆಂದೆ. ನಿನ್ನ ಲೆಕ್ಕ ಸರಿಯೇ ಇತ್ತು, ಅರವಿಂದ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂತು.

ವಿನಯ ತನ್ನ ಕ್ಯಾಮರಾ ನನ್ನ ಕೈಗಿಟ್ಟು, “ಪೊಲೀಸರಿಗೆ ಫೋಟೋ ಬೇಕಾಗುತ್ತೆ ಮೇಡಂ” ಎಂದು ಹೇಳಿ, ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದ. ಅವನ ಕಣ್ಣು ಕೆಂಪಾಗಿತ್ತು. ಬಸ್ಸು ಹೊರಟಿತು.

ನಾನು ಪೊಲೀಸ್ ಠಾಣೆಗೆ ಹೋದೆ, ನಿನ್ನ ಭಾವನೂ ಅಲ್ಲಿಗೇ ಬಂದರು. ಹೊರಗೆ ಕತ್ತಲಾಗುತ್ತಿತ್ತು, ಚಳಿ ಬೇರೆ. ಆ ಜನಜಂಗುಳಿಯಲ್ಲಿ ಯಾವುದಾದರೂ ಮಿನಿಬಸ್ಸಿನಡಿಗೆ ಸಿಕ್ಕಿದ್ದರೆ ಎಂಬುದೇ ನನ್ನ ಯೋಚನೆ. ಇನ್‌ಸ್ಪೆಕ್ಟರ್ ಫೋಟೋ ಕೇಳಿದ. ಕ್ಯಾಮರಾದ ಗುಂಡಿ ಒತ್ತಿದರೆ ಕೆರೆಯ ದಂಡೆಯ ಚಿತ್ರ: ಇಡೀ ತಂಡ, ಮುಂದಿನ ಸಾಲಿನಲ್ಲಿ ಗಂಗೂಬಾಯಿ, ಎದೆಗವಚಿದ ಚೀಲ. ನೋಡುತ್ತಿದ್ದಂತೆ ಅಪ್ಪನ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು. ಪ್ರತಿ ಯಾತ್ರೆಗೂ ಮುಂಚೆ ಅಪ್ಪ ಹೇಳುತ್ತಿದ್ದರಲ್ಲ: “ತಪ್ಪಿಸಿಕೊಂಡ್ರ ನೀವು ಹುಡುಕಬ್ಯಾಡ್ರಿ. ಕಡೀಕ ಎಲ್ಲಾರೂ ಎಲ್ಲಿ ಕೂಡಿ ಇದ್ದಿವಿ, ಅಲ್ಲೇ ಹೋಗಿ ಕೂಡ್ರಿ. ಎಷ್ಟು ಹೊತ್ತಾಗ್ಲಿ, ನಾವು ಬರ್ತೇವಿ.”

ಗರಿಯಾಹಾಟ್‌ನಲ್ಲಿ ಬಸ್ಸಿಳಿದ ಕೂಡಲೇ ಎಲ್ಲರೂ ಚದುರಿದ್ದರು. ಎಲ್ಲರೂ ಕೂಡಿ ನಿಂತ ಕೊನೆಯ ಜಾಗ ಕೆರೆಯ ದಂಡೆ!

ಅಲ್ಲೇ ಇದ್ದರು. ಸಿಮೆಂಟಿನ ಬೆಂಚಿನ ಮೇಲೆ, ತಲೆಗೆ ಶಾಲು ಸುತ್ತಿ, ಮಡಿಲಲ್ಲಿ ಚೀಲ. ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ದಾರಿ ಕೇಳುತ್ತ ಅಷ್ಟು ದೂರ ನಡೆದಿದ್ದರು. ಒಂದು ಚಪ್ಪಲಿ ದಾರಿಯಲ್ಲೇ ಹರಿದು ಹೋಗಿತ್ತು. ನನ್ನನ್ನು ಕಂಡು, “ಇಷ್ಟ್ಯಾಕ ತಡಾ ಮಾಡಿದ್ರಿ ನೀವು?” ಎಂದು ನನ್ನನ್ನೇ ಗದರಿದರು. “ಹೆದರಿದ್ರೇನು?” ಎಂದೆ. “ಯಾಕ ಹೆದರ್ಲಿ? ಪುರುಷೋತ್ತಮರಾಯರ ಮಂದಿ ಬರ್ತಾರ ಅಂತ ಗೊತ್ತಿತ್ತಲ್ಲ.” ಅಪ್ಪನ ಹೆಸರು ಕೇಳುತ್ತಲೇ ನಾನು ಬಗ್ಗಿ ಅವರ ಕಾಲಿಗೆ ನನ್ನ ಚಪ್ಪಲಿ ಹಾಕಿದೆ. ಬಸ್ಸು ಕೆಟ್ಟಿದೆ ಎಂದು ಸುಳ್ಳು ಹೇಳಿದೆ.

ಮಾರನೆಯ ದಿನ ಅವರಿಗೆ ಜ್ವರ ಬಂತು. ಡಾಕ್ಟರು ಬಂದು ಹೋದರು, ಈಗ ಇಳಿದಿದೆ. ಆದರೆ ಸುಳ್ಳು ಎಷ್ಟು ದಿನ ನಿಲ್ಲುತ್ತದೆ? “ನನ್ನ ಬಿಟ್ಟು ಹೋದ್ರಲ್ಲಾ?” ಎಂದು ಒಮ್ಮೆ ಕೇಳಿದರು. ಆಮೇಲೆ ತಾವೇ ಹೇಳಿದರು: “ಅರವಿಂದಗ ಗೊತ್ತಿರ್ಲಿಕ್ಕಿಲ್ಲ ಬಿಡು. ಗೊತ್ತಿದ್ರ ಹೋಗಗೊಡ್ತಿದ್ದಿಲ್ಲ.” ನಿನ್ನ ಫೋನಿನ ಮಾತನ್ನು ನಾನು ಅವರಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಶನಿವಾರದ ವಿಮಾನಕ್ಕೆ ನೀನು ಕಳಿಸಿದ ಟಿಕೆಟನ್ನು ಭಾವ ಸೈಬರ್ ಕೆಫೆಯಲ್ಲಿ ಪ್ರಿಂಟ್ ಮಾಡಿಸಿ ತಂದರು. ಗಂಗೂಬಾಯಿ ಅದನ್ನು ಮುಟ್ಟಿಯೂ ನೋಡಲಿಲ್ಲ. “ಒಬ್ಬಾಕಿ ಹೋಗಂಗಿಲ್ಲ. ಕರಕೊಂಡು ಬಂದಾವ್ರು ಕರಕೊಂಡು ಹೋಗ್ಲಿ” ಎನ್ನುತ್ತಾರೆ. ಚೀಲ ಬಿಚ್ಚಿಲ್ಲ, ನನ್ನ ಸೀರೆಯನ್ನೇ ಉಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ಗುರುವಾರದಿಂದ ನೀನು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಕೇಳಿದ್ದು ಮೈಲಿಗಲ್ಲುಗಳ ಪುಟ ಏನಾಯಿತು ಎಂದು.

ನೀನೇ ಬಾ. ವಿನಯನನ್ನು ಕಳಿಸಬೇಡ. ವಿಮಾನದಲ್ಲಿ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಇಲ್ಲಿರುತ್ತೀಯ, ನೀನೇ ಅಲ್ಲವೇ ಎಲ್ಲರಿಗೂ ಹೇಳುವುದು?

ವಂದನಾಗೆ, ಮಕ್ಕಳಿಗೆ ನನ್ನ ಪ್ರೀತಿ ತಿಳಿಸು. ದೇವರು ನಿನ್ನ ಮನೆಯನ್ನೂ ನಿನ್ನನ್ನು ನಂಬಿ ಹೊರಟವರನ್ನೂ ಕಾಯಲಿ.

ನಿನ್ನ ಅಕ್ಕ,
ಅಹಲ್ಯಾ

ತಾ.ಕ.: ನಿನ್ನ ಪುಟದಲ್ಲಿ 1971 ಇಲ್ಲ. ಹಾಕು ಎನ್ನುವುದಿಲ್ಲ, ತಿಳಿದುಕೊಂಡಿರು. ಗಯಾ ಸ್ಟೇಷನ್ನಿನಲ್ಲಿ ಐದು ವರ್ಷದ ನೀನು ತಪ್ಪಿಸಿಕೊಂಡ ಕಥೆಯನ್ನು ಮನೆಯಲ್ಲಿ ನಗುತ್ತ ಹೇಳುತ್ತಿದ್ದೆವು. ಉಳಿದ ಅರ್ಧವನ್ನು ಹೇಳಲು ಅಪ್ಪ ಬಿಡಲಿಲ್ಲ, ಹುಡುಗನ ತಲೆಯ ಮೇಲೆ ಭಾರ ಬೇಡ ಎಂದು. ಗಾಡಿ ಹೊರಡುವುದರಲ್ಲಿತ್ತು. ಅಪ್ಪ ಎಲ್ಲರಿಗೂ ಕೈಮುಗಿದು “ನೀವು ಮುಂದ ನಡೀರಿ” ಎಂದರು. ಬೋಗಿಯಿಂದ ಮೊದಲು ಪ್ಲಾಟ್‌ಫಾರ್ಮಿಗೆ ಬಿದ್ದದ್ದು ಗಂಗೂಬಾಯಿಯವರ ಹಾಸಿಗೆ ಸುರುಳಿ, ಹಿಂದೆಯೇ ಅವರು. ಮರುದಿನ ಕಾಶಿಯಲ್ಲಿ ಅವರ ಗಂಡನ ಮೊದಲ ವರ್ಷದ ಶ್ರಾದ್ಧ. ಅದಕ್ಕೆಂದೇ ಯಾತ್ರೆಗೆ ಬಂದಿದ್ದರು. ಅಮ್ಮ ಅಳುತ್ತ, “ನಿಮ್ಮ ತಿಥಿ ತಪ್ತದರಿ” ಎಂದಳು. “ತಿಥಿ ಮುಂದಿನ ವರ್ಷಾನೂ ಬರ್ತದ. ಈ ಹುಡುಗ ಬರ್ತಾನೇನು?” ಎಂದರು. ಆಮೇಲೆ ಇಡೀ ಬೋಗಿ ಇಳಿಯಿತು. ಮರುದಿನ ಬೆಳಿಗ್ಗೆ ನೀನು ಸಿಗುವವರೆಗೆ ಒಬ್ಬರೂ ಅಲ್ಲಿಂದ ಕದಲಲಿಲ್ಲ. ಪ್ರತಿ ಯಾತ್ರೆಗೂ ಮುಂಚೆ ‘ನಾವು ಬರ್ತೇವಿ’ ಎಂಬ ಮಾತನ್ನು ಅಪ್ಪ ಹೇಳಲು ಶುರು ಮಾಡಿದ್ದು ಅದರ ನಂತರವೇ.

ಈಗಷ್ಟೇ ಒಳಗಿಂದ ಕೂಗಿದರು: “ಅಹಲ್ಯಾ, ಅರವಿಂದ ಹೊಂಟಾನಂತೇನವಾ?”