ಲೇಬಲ್ಲಿನ ಮೂರನೇ ಸಾಲು

ಜೂನ್ 4

ಇವತ್ತು ಹದಿನೇಳು ಹಾಳೆ ಆಯಿತು. ಒಣಗಿದ ಗಿಡ, ಗೋಂದು, ದಾರದ ಹೊಲಿಗೆ, ಬಲಗಡೆ ಕೆಳಮೂಲೆಯಲ್ಲಿ ಲೇಬಲ್. ಮೊದಲ ಸಾಲು ಹೆಸರು, ಎರಡನೆಯದು ದಿನಾಂಕ, ಮೂರನೆಯದು ಗಿಡ ಸಿಕ್ಕ ಜಾಗ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಒಂದು ಲೇಬಲ್ಲಿನಲ್ಲೂ ಸುಳ್ಳು ಬರೆದಿಲ್ಲ.

ಹದಿನೆಂಟನೆಯದು ನಮ್ಮ ಸಸ್ಯಸಂಗ್ರಹಾಲಯದ ಡೈರೆಕ್ಟರ್ ಕಣ್ಣಿಗೆ ಬಿತ್ತು. ತಪ್ಪು ನನ್ನದೇ, ಡ್ರಾಯರ್‌ಗೆ ಬೀಗ ಹಾಕಿರಲಿಲ್ಲ. ಒಂದೇ ಒಂದು ಹೂವು. ಎಲೆ ಇಲ್ಲದ, ಹಸಿರೇ ಇಲ್ಲದ ಕಾಡು ಆರ್ಕಿಡ್. ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದರು.

"ಇದು ಯಾವ ಪುಸ್ತಕದಲ್ಲೂ ಇಲ್ಲ. ಮೂರನೇ ಸಾಲು ಯಾಕೆ ಖಾಲಿ ಬಿಟ್ಟಿದೀರಿ? ತುಂಬಿಸಿ."

"ಆಗಲ್ಲ ಸರ್."

ಹೇಳಿ, ಹಾಳೆಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಜೂನ್ 5

ಯಾಕೆ ಆಗಲ್ಲ ಅಂತ ಡೈರೆಕ್ಟರ್ ನನ್ನನ್ನೇ ಕೇಳುತ್ತಾರೆ. ಆರು ವರ್ಷದ ಹಿಂದೆ ಇನ್ನೊಂದು ಆರ್ಕಿಡ್ ಸಿಕ್ಕಿತ್ತು, ಬಿಳಿಯದು. ಲೇಬಲ್ಲಿನಲ್ಲಿ ಶ್ರದ್ಧೆಯಿಂದ ಬರೆದೆ — ತೊರೆಯ ಎಡದಂಡೆ, ಸೀಳುಬಂಡೆಯಿಂದ ಇಪ್ಪತ್ತು ಹೆಜ್ಜೆ. ಇವರು ಅದನ್ನು ಹಾಗೇ ಪೇಪರಿಗೆ ಕೊಟ್ಟರು, ಫೋಟೊ ಸಮೇತ. ಮೂರು ವಾರ ಬಿಟ್ಟು ಹೋದೆ. ಬರೀ ಗುಂಡಿ. ನಲವತ್ತೊಂದು ಗುಂಡಿ. ಕಳ್ಳರಿಗೆ ದಾರಿ ತೋರಿಸಿದ್ದು ನನ್ನ ಅಕ್ಷರ.

ಈಗ ಇದನ್ನೂ ಕಿತ್ತು ತಂದು ಹೊಸ ಗ್ಲಾಸ್‌ಹೌಸಿನಲ್ಲಿ ಇಡುತ್ತಾರಂತೆ. "ಸೇಫಾಗಿರುತ್ತೆ" ಅಂತೆ. ಈ ಗಿಡಕ್ಕೆ ಸ್ವಂತ ಅಡುಗೆ ಬರುವುದಿಲ್ಲ. ಮರದ ಬುಡದಲ್ಲಿ ಎಲೆ ಕೊಳೆಯಬೇಕು, ಕೊಳೆತದ್ದರಲ್ಲಿ ಬಿಳಿ ಬೂಸಲಿನ ಎಳೆ ಹಬ್ಬಬೇಕು, ಆ ಎಳೆ ಉಣಿಸಬೇಕು. ಅಷ್ಟನ್ನೂ ಕುಂಡದಲ್ಲಿ ತುಂಬುತ್ತಾರಾ? ಹತ್ತು ದಿನಕ್ಕೆ ಸಾಯುತ್ತದೆ. ಇರುವುದೇ ಹನ್ನೊಂದು.

ಜೂನ್ 9

ಮೆಮೊ ಬಂತು. ಸೋಮವಾರ, ಹದಿನಾರರ ಒಳಗೆ ಜಾಗ ಬರೆಯತಕ್ಕದ್ದು. ತಪ್ಪಿದರೆ ಸಸ್ಪೆನ್ಶನ್, ಟಿಪ್ಪಣಿ ಪುಸ್ತಕಗಳೆಲ್ಲ ಜಪ್ತಿ. ಮಡಚಿ ಮೇಜಿನ ಕಾಲಿನ ಕೆಳಗೆ ಒತ್ತು ಕೊಟ್ಟೆ. ಮೇಜು ಅಲ್ಲಾಡುವುದು ನಿಂತಿತು.

ಹೆದರಿಕೆ ಮೆಮೊದ್ದಲ್ಲ, ಅತ್ತೆಯದು. ಜಾಗ ಗೊತ್ತಿರುವುದು ನಮ್ಮಿಬ್ಬರಿಗೇ. ಹೂವು ಸಿಕ್ಕ ದಿನ ಮೊಣಕಾಲು ನೋವು ಅಂತ ಎಲೆರಾಶಿಯ ಮೇಲೆ ಕೂತವರು ಅವರು. "ಏನೇ ಇದು, ಒಣಗಿದ ಕಡ್ಡೀಲಿ ಹೂವು?" ಅಂದವರೂ ಅವರೇ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನನ್ನ ಆಪರೇಶನ್ ವಿಷಯ ನನಗೆ ಎಚ್ಚರವಾಗುವ ಮೊದಲೇ ಇಡೀ ಬೀದಿಗೆ ಗೊತ್ತಿತ್ತು.

ಜೂನ್ 13, ಸಂಜೆ

ನಾನಿಲ್ಲದ ಹೊತ್ತಿಗೆ ಡೈರೆಕ್ಟರ್ ಮನೆಗೆ ಬಂದಿದ್ದರು, ಹಣ್ಣಿನ ಬುಟ್ಟಿ ಹಿಡಿದು. ಅತ್ತೆಯೇ ಹೇಳಿದರು.

"ಪಾಪ, ಒಳ್ಳೆ ಮನುಷ್ಯ ಕಣೇ. ಹೂವಿನ ಜಾಗ ಕೇಳಿದ್ರು. ಕರ್ಕೊಂಡು ಹೋಗಿ ತೋರಿಸ್ದೆ."

ಮುಗಿಯಿತು.

ಜೂನ್ 15

ಬೆಳಗ್ಗೆ ಎದ್ದವಳೇ ಹೋದೆ. ಗುಂಡಿ ಎಣಿಸುವುದಕ್ಕೆ ಅಂತಲೇ ಹೋಗಿದ್ದೆ. ಒಂದೂ ಇಲ್ಲ. ಹನ್ನೊಂದೂ ಇವೆ... ಅಲ್ಲೇ ಕೂತು ಅತ್ತುಬಿಟ್ಟೆ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ.

"ಕರ್ಕೊಂಡು ಹೋದೆ ಅಂದೆ. ಅಲ್ಲಿಗೇ ಅಂದ್ನಾ? ಹಳೇ ಕಲ್ಲುಕ್ವಾರಿಗೆ. ಗುಡ್ಡ ಹತ್ತಿಸಿ ಇಳಿಸ್ದೆ, ಮೂರು ಗಂಟೆ. ಇಲ್ಲೇ ಇತ್ತು, ಯಾರೋ ಕಿತ್ಕೊಂಡು ಹೋಗಿದಾರೆ ಅಂದೆ."

"ಮೊನ್ನೇನೇ ಹೇಳಬಾರದಿತ್ತಾ ಅತ್ತೆ?"

"ನೀನೆಲ್ಲಿ ಕೇಳ್ದೆ? ಎರಡು ದಿನ ಮುಖ ಊದಿಸ್ಕೊಂಡು ಓಡಾಡ್ದೆ. ನಂಗೂ ಮಾತು ಹೊಟ್ಟೇಲಿ ಇಟ್ಕೊಳಕ್ಕೆ ಬರುತ್ತೆ ಅಂತ ನಿಂಗೂ ಗೊತ್ತಾಗ್ಲಿ ಅಂತ ಸುಮ್ನಿದ್ದೆ. ಈಗ ಬಾ, ಮೊಣಕಾಲಿಗೆ ಎಣ್ಣೆ ತಿಕ್ಕು."

ಅರ್ಧ ಗಂಟೆ ತಿಕ್ಕಿದೆ.

ಜೂನ್ 16

ಡೈರೆಕ್ಟರ್ ತುಂಬಾ ಮೆತ್ತಗೆ ಮಾತಾಡಿದರು. "ಹೇಗೂ ಎಲ್ಲ ಹಾಳಾಗಿದೆ. ಕಲ್ಲುಕ್ವಾರಿ ಅಂತ ಬರೆದುಬಿಡಿ, ಮೆಮೊ ವಾಪಸ್ ತಗೋತೀನಿ." ಅತ್ತೆಯೂ ಬೆಳಗ್ಗೆ ಅದನ್ನೇ ಹೇಳಿದ್ದರು — ಬರೆದು ಕೈತೊಳ್ಕೋ.

ಒಂದು ಪದ. ಬರೆದರೆ ಕೆಲಸ ಉಳಿಯುತ್ತದೆ, ಗಿಡವೂ ಉಳಿಯುತ್ತದೆ. ಪೆನ್ನು ತೆಗೆದೆ. ಆದರೆ ಹಾಳೆ ನೂರು ವರ್ಷ ಇರುತ್ತದೆ. ಯಾರೋ ಒಬ್ಬರು ನನ್ನ ಅಕ್ಷರ ನಂಬಿಕೊಂಡು ಆ ಕ್ವಾರಿಯಲ್ಲಿ ಹುಡುಕುತ್ತಾರೆ. ಅತ್ತೆ ಬಾಯಲ್ಲಿ ಸುಳ್ಳು ಹೇಳಬಹುದು. ಲೇಬಲ್ಲಿನಲ್ಲಿ ನಾನು ಹೇಳಲಾರೆ.

ಮೂರನೇ ಸಾಲಿನಲ್ಲಿ ಬರೆದೆ: ಗೊತ್ತಿದೆ. ಹೇಳುವುದಿಲ್ಲ. ಕೆಳಗೆ ಸಹಿ ಹಾಕಿದೆ.

ಓದಿ ಅವರ ಮುಖ ಕೆಂಪಾಯಿತು. "ಹಾಗಾದ್ರೆ ನಿಮ್ಮತ್ತೆ ನನ್ನನ್ನ ಆ ಗುಡ್ಡ ಯಾಕೆ ಹತ್ತಿಸಿದ್ರು?"

"ಅದನ್ನ ಅವರನ್ನೇ ಕೇಳಿ ಸರ್."

ಸಸ್ಪೆಂಡ್.

ಜೂನ್ 17

ಆಫೀಸಿಲ್ಲ. ಅತ್ತೆಯ ಜೊತೆ ಹೂವಿನ ಜಾಗಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ಬೈದರು, ನಾನು ಬದುಕಲು ಬಾರದವಳಂತೆ. ಕೋಲಿಗೆ ಆನಿಕೊಂಡು ಬಗ್ಗಿ ಹನ್ನೆರಡನೆಯದನ್ನು ಕಂಡುಹಿಡಿದವರೂ ಅವರೇ. ಬೆರಳುದ್ದ, ಇನ್ನೂ ಮೊಗ್ಗು.

ನಾಳೆ ಪುಸ್ತಕ ಜಪ್ತಿಗೆ ಬರುತ್ತಾರೆ. ಈ ಡೈರಿಯನ್ನೂ ಒಯ್ಯಲಿ. ಮೊದಲ ಪುಟದಿಂದ ಓದಲಿ. ಹೊಸ ಗಿಡ ಇರುವುದು ದೊಡ್ಡ ಮರದ — ಇಲ್ಲ, ಇಲ್ಲೂ ಹೇಳುವುದಿಲ್ಲ.