ಕೋಣೆಯ ಸಲುವಾಕ್ಯ

ತೇಲೂರು,
ಕ್ರಿ.ಶ. ೨೩೫೧, ಹದಿಮೂರನೆಯ ತಿಂಗಳು, ತೂಕದ ಹಿಂದಿನ ದಿನ

ಎಲ್ಲೋ ಇಂಗ್ಲಿಷ್ ಪಾಠ ಮಾಡುತ್ತಿರುವ ಟೀಚರಿಗೆ,

ತಾರೀಖು ನೋಡಿ ನಗಬೇಡಿ. ಕಡಲಿನ ಮೇಲೆ ಬದುಕಲು ಶುರು ಮಾಡಿದಾಗ ನಮ್ಮ ಹಿರಿಯರು ವರ್ಷಕ್ಕೊಂದು ತಿಂಗಳು ಸೇರಿಸಿಕೊಂಡರು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತಾಡಲು ಜನವಿಲ್ಲದೆ ನನ್ನ ಕನ್ನಡಕ್ಕೂ ತುಕ್ಕು ಹಿಡಿದಿದೆ. ನಾನು ಗುಲಾಬಿ, ಈ ತೇಲುವ ಊರಿನ ಕಡೆಯ ಇಂಗ್ಲಿಷ್ ಟೀಚರ್.

ನಮ್ಮಲ್ಲಿ ತೂಕದ ಚಿಂತೆ ದೊಡ್ಡದು. ಊರು ಮುಳುಗಬಾರದಲ್ಲ! ಹಾಗಾಗಿ ಕೊಡವಾಗಲಿ, ಏಣಿಯಾಗಲಿ, ಕೋಣೆಯಾಗಲಿ, ಯಾವುದನ್ನೇ ಇಟ್ಟುಕೊಂಡರೂ ಅದು ಯಾತರ ಸಲುವಾಗಿ ಎಂದು ಹೇಳುವ ಹಲಗೆ ತೂಗುಹಾಕಬೇಕು. ಅದಕ್ಕೆ ಸಲುವಾಕ್ಯ ಎನ್ನುತ್ತೇವೆ. ತುಳು, ಕೊಂಕಣಿ, ಬ್ಯಾರಿ, ಕನ್ನಡದವರು ಸೇರಿ ಊರು ಕಟ್ಟಿದಾಗ, ಯಾರ ಮನೆಮಾತೂ ಅಲ್ಲವೆಂದು ಹಲಗೆಗೆ ಇಂಗ್ಲಿಷನ್ನೇ ಗೊತ್ತುಮಾಡಿದರು. 'ಸೋ ದಟ್' ಆದ ಮೇಲೆ ಬರುವ ಪುಟ್ಟ ಪದವೇ ಆ ವಸ್ತುವಿನ ಹಣೆಬರಹ. 'ಕ್ಯಾನ್' ಎಂದಿದ್ದರೆ ಕೆಲಸಕ್ಕೆ ಬರುವವರೆಗೆ ಅದು ಉಳಿಯುತ್ತದೆ. 'ವಿಲ್' ಎಂದರೆ ಮಾತು ಕೊಟ್ಟಂತೆ. ಬರೆದವರೇ ಕೊನೆಯತನಕ ಜವಾಬ್ದಾರರು. 'ಮೈಟ್' ಎಂದರೆ ಬರೀ ಆಸೆ. ಊರಿನ ಸಾಮಾನನ್ನೆಲ್ಲ ತೂಗಿ ಲೆಕ್ಕ ಹಾಕುವ ತೂಕದ ದಿನ ಅಂಥವನ್ನೇ ಮೊದಲು ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತಾರೆ.

ನನ್ನ ಶಾಲೆ ಒಂದೇ ಕೋಣೆ. ಕಿವಿಮಣಿ ಬಂದ ಮೇಲೆ ಅದು ಖಾಲಿಯಾಯಿತು. ಯಾರು ಯಾವ ಭಾಷೆಯಾಡಿದರೂ ಕಿವಿಯೊಳಗೆ ನಮ್ಮ ಮಾತಿನಲ್ಲೇ ಹೇಳುವ, ಮೆಣಸಿನ ಕಾಳಿನಷ್ಟು ಯಂತ್ರ ಅದು. ಇಂಗ್ಲಿಷ್ ಯಾರಿಗೆ ಬೇಕು? ಆದರೂ ಬೆಳಿಗ್ಗೆ ಬಾಗಿಲು ತೆರೆದು, ಬೆಂಚು ಒರೆಸಿ, ಬೋರ್ಡಿನ ಮೇಲೆ ತಾರೀಖು ಬರೆದು ಕೂರುತ್ತೇನೆ. ಸಂಜೆ ನಾನೇ ಅಳಿಸುತ್ತೇನೆ. ನಿಮ್ಮ ಮಕ್ಕಳ ಗಲಾಟೆಗೆ ನೀವು ತಲೆ ಚಚ್ಚಿಕೊಳ್ಳುತ್ತಿರಬಹುದು, ನನಗೆ ಹೊಟ್ಟೆಕಿಚ್ಚಾಗುತ್ತದೆ. ಇಲ್ಲಿ ಕೇಳಿಸುವುದು ಗೋಡೆಯಾಚೆಯ ಹಸುಗೂಸಿನ ಅಳು ಮಾತ್ರ. ಅದು ಮೈಮೂನಾಳ ಮಗು. ಅವಳಿಗೆ ಸ್ವಂತ ಕೋಣೆಯಿಲ್ಲ, ಬಲೆ ರಾಶಿ ಹಾಕುವ ಉಗ್ರಾಣದಲ್ಲೇ ಮಗುವನ್ನು ಮಲಗಿಸುತ್ತಾಳೆ. ಊರಿನಲ್ಲಿ ಹೊಸ ಕೋಣೆ ಕಟ್ಟುವಂತಿಲ್ಲ, ಯಾರದಾದರೂ ತೆರವಾಗಬೇಕು.

ಈ ವರ್ಷ ನನ್ನ ಹಲಗೆ ಹೊಸದಾಗಿ ಬರೆಯುವ ಸರದಿ. ತೂಕ ನೋಡುವ ಮೋನಪ್ಪಣ್ಣ ಒಳ್ಳೆಯವರು, ನನ್ನ ಪಾಡು ಅವರಿಗೆ ಗೊತ್ತು. "ಕ್ಯಾನ್ ಅಂತ ಬರೀರಿ ಟೀಚರೇ. ಮಕ್ಕಳು ಬಂದ್ರೆ ಕಲೀಲಿಕ್ಕೆ ಆಗ್ತದಲ್ಲ ಮಾರಾಯ್ರೆ, ಸುಳ್ಳೆಂತ ಅದರಲ್ಲಿ?" ಎಂದರು. ಸುಳ್ಳೇನೂ ಅಲ್ಲ. ಹಾಗೆಯೇ ಬರೆದು ಬಾಗಿಲು ಹಾಕಿಕೊಂಡೆ. ಗೋಡೆಯಾಚೆ ಮಗು ಅಳುತ್ತಲೇ ಇತ್ತು. ಒಬ್ಬಂಟಿ ಹೆಂಗಸಿಗೆ, ಅದೂ ಹಗಲು ಕೂತು ಏಳುವುದಕ್ಕೆ, ಒಂದಿಡೀ ಕೋಣೆ! ನಾಚಿಕೆಯಾಯಿತು. ಅಳಿಸಿ 'ಮೈಟ್' ಎಂದು ಬರೆದೆ. ಆಮೇಲೆ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ.

ಇವತ್ತು ಬೆಳಿಗ್ಗೆ ಮೈಮೂನಾ ಮಗುವನ್ನು ಎದೆಗವಚಿಕೊಂಡು ಬಂದಳು. ನನ್ನ 'ಮೈಟ್' ನೋಡಿ ಮೋನಪ್ಪಣ್ಣ ಗೊತ್ತುಮಾಡಿದ್ದಾರೆ, ನಾಳೆಯಿಂದ ಈ ಕೋಣೆ ಅವಳದು. "ಹಲಗೆ ನೀವೇ ಬರೆದುಕೊಡ್ಬೇಕು ಟೀಚರ್, ನಮಗೆ ಬರುದಿಲ್ಲ" ಎಂದಳು, ನೆಲ ನೋಡುತ್ತ. ಅವಳಿಗೂ ಸಂಕಟ. ಹಲಗೆ ಇಳಿಸಿ ಒರೆಸಿದೆ. ಈ ಕೋಣೆ ಯಾತಕ್ಕೆ? ಈ ಮಗು ನೆಮ್ಮದಿಯಾಗಿ ನಿದ್ದೆ ಮಾಡುವ ಸಲುವಾಗಿ. 'ಸೋ ದಟ್' ತನಕ ಬರೆದು ಕೈ ನಿಂತಿತು. 'ಕ್ಯಾನ್' ಧಾರಾಳ ಸಾಕಿತ್ತು. ನಾನು 'ವಿಲ್' ಎಂದು ಬರೆದೆ.

ಹೊಸ ಹಲಗೆ ನೋಡಲು ಬಂದ ಮೋನಪ್ಪಣ್ಣನಿಗೆ ಅಷ್ಟು ಓದಲು ಬರುತ್ತದೆ. ನನ್ನನ್ನೇ ನೋಡಿದರು. "ಬರೆದವರೇ ಜವಾಬ್ದಾರಿ, ಗೊತ್ತುಂಟಲ್ಲ? ಮಗು ಮಲಗದಿದ್ರೆ ನಿಮ್ಮನ್ನೇ ಕರೆಯೋದು."

"ಗೊತ್ತುಂಟು" ಎಂದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಪದಗಳ ಪಾಠ ಬಂದಾಗ ಉದಾಹರಣೆಗೆ ನಿಮ್ಮೆದುರಿನ ಮಗುವೊಂದರ ಹೆಸರು ಹಾಕಿ 'ವಿಲ್' ಎಂದು ಬರೆಯಿರಿ. ಅಳಿಸುವ ಮೊದಲು ಒಮ್ಮೆ ಆ ಮುಖ ನೋಡಿ.

ಊರು ಬಿಟ್ಟು ಹೋಗುವ ಪತ್ರಕ್ಕೂ ಸಲುವಾಕ್ಯ ಬೇಕು. ಯಾರಾದರೂ ಓದಿಯಾರು ಎಂಬ ಆಸೆಯಷ್ಟೇ ಇರುವುದರಿಂದ ಇದರ ಮೇಲೆ 'ಮೈಟ್' ಎಂದೇ ಬರೆದಿದ್ದೇನೆ. ಇನ್ನೂ ಬರೆಯುವುದಿತ್ತು. ಆದರೆ ಮಗು ರಚ್ಚೆ ಹಿಡಿದಿದೆ, ಆಚೆಯಿಂದ ಯಾರೋ ಗೋಡೆ ಬಡಿದು ನನ್ನ ಹೆಸರು ಕೂಗುತ್ತಿದ್ದಾರೆ. ಹೋಗಿಬರುತ್ತೇನೆ.

ಗುಲಾಬಿ